ತಾರಸಿಯ ಟ್ಯಾಂಕಿನ ಮೇಲಿಟ್ಟ ಕಣ್ಣು

ಗಸ್ಸಾನ್,

ನೀರು ಅಳೆಯಲು ಹೋಗಿ ನಿನ್ನ ಮಾನ ಕಳೆದ, ಟ್ಯಾಂಕಿಗೆ ಕೂರಿಸಿದ ನನ್ನ ಮಾಪಕಕ್ಕೆ ಈಗ ಸಂಸಾರ ಬೆಳೆದಿದೆ. ದೀಪ, ಹೀಟರ್, ಪರದೆ ಎಲ್ಲವೂ ನನ್ನ ಫೋನಿನ ಮಾತು ಕೇಳುತ್ತವೆ, ಅಮ್ಮನೊಬ್ಬಳನ್ನು ಬಿಟ್ಟು.

ನಮ್ಮ ಅಮ್ಮಾನ್ ನಗರದಲ್ಲಿ ನೀರು ಬರುವುದೇ ವಾರಕ್ಕೊಮ್ಮೆ. ನಮ್ಮ ಟ್ಯಾಂಕಿನ ನೀರು ಸುಮ್ಮನೆ ಇಳಿಯುತ್ತಿದೆ ಎಂದು ಮಾಪಕ ತೋರಿಸಿದ್ದೇ ತಡ, ಕಾಫಿಯಂಗಡಿಯಲ್ಲಿ ಎಲ್ಲರೆದುರು, ನಮ್ಮ ಬಾಡಿಗೆಯವನಾಗಿದ್ದ ನಿನ್ನನ್ನು ನೀರುಗಳ್ಳ ಅಂದೆ. ನೀನು ತುಟಿ ಬಿಚ್ಚದೆ ಮನೆ ಬದಲಿಸಿ ಪಕ್ಕದ ಜರ್ಕಾ ಊರಿಗೆ ಹೋದೆ. ಆಮೇಲೂ ನಮ್ಮ ಟ್ಯಾಂಕಿನ ನೀರು ಇಳಿಯುತ್ತಲೇ ಇತ್ತು. ಉಳಿದ ಬಾಡಿಗೆಯವರನ್ನೆಲ್ಲ ಸರದಿಯಂತೆ ಅನುಮಾನಿಸಿ, ಮೊನ್ನೆ ತಾರಸಿಯ ಬಾಗಿಲಿಗೂ ಸೆನ್ಸರ್ ಜೋಡಿಸಿದೆ.

ಇವತ್ತು ಮಧ್ಯಾಹ್ನ ಫೋನ್ ಕೂಗಿತು. ಓಡಿ ಹತ್ತಿದರೆ, ಅಮ್ಮ! ನಮ್ಮ ಟ್ಯಾಂಕಿನಿಂದ ಕೆಳಮನೆಯ ವಿಧವೆ ಉಮ್ ಜಿಯಾದಳ ಟ್ಯಾಂಕಿಗೆ ಪೈಪು ಹಾಕಿ ನಿಂತಿದ್ದಳು.

"ಅವಳದು ಪುಟ್ಟ ಟ್ಯಾಂಕು ಕಣೋ. ಬಾಯಿಬಿಟ್ಟು ಕೇಳೋಕೆ ಅವಳಿಗೆ ನಾಚಿಕೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಎಲ್ಲಿ ಕೇಳ್ದೆ? ಫೋನನ್ನ ಕೇಳ್ತಿದ್ದೆ. ಗಸ್ಸಾನ್‌ಗೆ ಗೊತ್ತಿತ್ತು. ಯಾರಿಗೂ ಹೇಳ್ಬೇಡಪ್ಪಾ ಅಂದಿದ್ದೆ. ಅಂದಹಾಗೆ, ಅವನ್ಯಾಕೋ ಈಚೆಗೆ ಬರೋದೇ ಇಲ್ಲ?"

"ಕೆಲಸ ಜಾಸ್ತಿ ಇರ್ಬೇಕು" ಅಂದೆ.

ನಿನ್ನ ನಂಬರು ನನ್ನ ಬಳಿ ಇದೆ. ಕರೆ ಮಾಡಿದರೆ ಏನೂ ಆಗದವನ ಹಾಗೆ "ಹೇಳೋ" ಅಂದುಬಿಡುತ್ತೀಯೆಂದು ನನಗೆ ಬಲವಾದ ಅನುಮಾನ. ಆಗ ತಪ್ಪೊಪ್ಪಿಕೊಳ್ಳದೆಯೇ ನಾನು ಪಾರಾಗಿಬಿಡುತ್ತೇನೆ. ಅದಕ್ಕೇ ಕಾಗದದ ಮೇಲೆ ಬರೆದೆ.

ಹಾತೆಮ್