ಗುರಮ್ಮನ ಬುಟ್ಟಿ ಮರಳು

ಮಾನ್ಯ ಮರಳು ಉಸ್ತುವಾರಿ ಅಧಿಕಾರಿಗಳೇ,

ಅಂತೂ ಭೀಮಾ ನದಿಯ ಮರಳುಗಳ್ಳರನ್ನು ಹಿಡಿದಿರಿ! ಅಭಿನಂದನೆಗಳು. ತಾವು ಹಿಡಿದಿರುವುದು ನನ್ನ ದೊಡ್ಡವ್ವ ಗುರಮ್ಮನನ್ನು. ವಯಸ್ಸು ಎಪ್ಪತ್ತು. ಬಳಸಿದ ಯಂತ್ರ, ಎರಡು ಕೈ.

ಅಫಜಲಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಬೇಸಿಗೆಗೆ ನದಿ ಇಳಿದ ಮೇಲೆ ಮರಳಿನಲ್ಲೇ ಕರಬೂಜ ಬೆಳೆಯುತ್ತಿದ್ದರು. ಮೊಳಕೈ ಆಳ ತೋಡಿದರೆ ಒರತೆ ನೀರು. ಅದನ್ನೇ ತಂಬಿಗೆಯಲ್ಲಿ ತುಂಬಿ ಬಳ್ಳಿಗೆ ಹೊಯ್ಯುವುದು. ದೊಡ್ಡವ್ವನ ಹೊಟ್ಟೆ ನಡೆದದ್ದು ಇದರಿಂದಲೇ, ಅವಳಿಗೆ ಬೇರೆ ಹೊಲವಿಲ್ಲ. ಆಮೇಲೆ ಲಾರಿಗಳು ಬಂದವು. ಒಂದು ಪಕ್ಷ ಗೆದ್ದಾಗ ಒಬ್ಬನ ಲಾರಿ, ಇನ್ನೊಂದು ಗೆದ್ದಾಗ ಇನ್ನೊಬ್ಬನದು. ಎರಡೂ ಸಲ ನಾವು ಸಾಲಿನಲ್ಲಿ ನಿಂತು ವೋಟು ಹಾಕಿದ್ದೇವೆ, ಹಾಗಾಗಿ ಪೂರಾ ತಪ್ಪು ತಮ್ಮದಲ್ಲ ಬಿಡಿ. ದಂಡೆ ಕುಸಿಯಿತು, ಬಾವಿಗಳು ಬತ್ತಿದವು. ನಮ್ಮ ಅರ್ಜಿಗಳಿಗೆಲ್ಲ ‘ಸ್ಥಳದಲ್ಲಿ ಲಾರಿ ಕಂಡುಬಂದಿಲ್ಲ’ ಎಂಬ ಒಂದೇ ಉತ್ತರ. ಹಾಡಹಗಲೇ ಹತ್ತು ಗಾಲಿಯ ಲಾರಿ ಕಾಣದ ಕಣ್ಣಿಗೆ ಮುದುಕಿ ತೋಡಿದ ಗುಂಡಿ ಹೇಗೆ ಕಂಡಿತು ಸ್ವಾಮಿ?

ಹೌದು, ಈ ಬೇಸಿಗೆಯಲ್ಲೂ ಅವಳು ತೋಡಿದಳು, ಉಳಿದಿದ್ದ ಒಂದಿಷ್ಟು ಮರಳಿನಲ್ಲಿ. ನೀರು ಬರಲಿಲ್ಲ, ಕೆಳಗೆ ಬರೀ ಜೇಡಿಮಣ್ಣು. ತಮ್ಮ ಸಿಬ್ಬಂದಿ ಬಂದು ಫೋಟೊ ತೆಗೆದರು. ಎಂಟು ದಿನಕ್ಕೆ ನೋಟಿಸು ಬಂತು: ಅನಧಿಕೃತವಾಗಿ ತೆಗೆದ ಮರಳು ಸರ್ಕಾರದ ಸ್ವತ್ತು. ಓದಿ ಹೇಳಿದವನು ನಾನೇ.

“ಹಂಗಾರ ಸರ್ಕಾರದ್ದು ಸರ್ಕಾರಕ್ಕ ಮುಟ್ಟಸಬೇಕಲ್ಲಪಾ ಮಾಳಿಂಗ.”

“ಏ ದೊಡ್ಡವ್ವ, ಸುಮ್ನ ಕುಂದ್ರು. ಲಾರಿಯವ್ರು ಮುಟ್ಟಸ್ಯಾರೇನು?”

“ಅವ್ರ ಸುದ್ದಿ ನನಗ್ಯಾಕ? ನಾ ಕಳ್ಳಿ ಅಲ್ಲ.”

ಮರುದಿನ ಆ ಮರಳನ್ನು ಬುಟ್ಟಿಗೆ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಮ್ಮ ಕಚೇರಿಗೆ ತಂದಳು. ನಾನೂ ಜೊತೆಗಿದ್ದೆ. ತಮ್ಮವರು ಬಿದ್ದು ಬಿದ್ದು ನಕ್ಕರು. ಕೊನೆಗೊಬ್ಬರು ವರಾಂಡದಲ್ಲಿದ್ದ, ಬೆಂಕಿ ಆರಿಸುವ ಕೆಂಪು ಬಕೆಟ್ ತೋರಿಸಿ, “ಇದ್ರಾಗ ಸುರೀ ಯವ್ವಾ” ಎಂದರು. ಸುರಿದಳು. ಬುಟ್ಟಿಯ ತಳಕ್ಕೆ ಅಂಟಿದ್ದನ್ನೂ ತಟ್ಟಿ ತಟ್ಟಿ ಉದುರಿಸಿದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅದಾಗಿ ತಿಂಗಳೊಳಗೆ ನದಿಯಲ್ಲಿದ್ದ ಕೊನೆಯ ಮರಳೂ ಹೋಯಿತು. ಯಾರ ಲಾರಿ ಎಂದು ಕೇಳಬೇಡಿ, ಕಂಡುಬಂದಿಲ್ಲ.

ಲಾರಿ ನಿಲ್ಲಿಸಿ ಎಂದು ನಾನಿನ್ನು ಕೇಳುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ. ನದಿ ವಾಪಸು ಕೊಡಿ ಎನ್ನುವಷ್ಟು ಹುಚ್ಚೂ ಹಿಡಿದಿಲ್ಲ. ಬೇಡಿಕೆ ಒಂದೇ: ಆ ಕೆಂಪು ಬಕೆಟ್ಟಿನ ಮರಳನ್ನು ನಮಗೆ ಕೊಟ್ಟುಬಿಡಿ. ನಮ್ಮೂರ ನದಿಯದು ಉಳಿದಿರುವುದು ಅಷ್ಟೇ. ದೊಡ್ಡವ್ವ ಕರಬೂಜದ ಬೀಜಗಳನ್ನು ಬೂದಿಯಲ್ಲಿ ಕಲಸಿ ಇಟ್ಟುಕೊಂಡು, ಎಲ್ಲಿ ಊರಲಿ ಎಂದು ದಿನಾ ನನ್ನನ್ನು ಕೇಳುತ್ತಾಳೆ.

ಇಂತಿ,
ನೋಟಿಸು ಓದಿ ಹೇಳಿ ತಪ್ಪು ಮಾಡಿದ
ಮಾಳಿಂಗ