ಕುದಿಯುವ ನೀರಿನಲ್ಲಿ ತೊಳೆದದ್ದು

ದಂತವೈದ್ಯರಿಗೆ ನಮಸ್ಕಾರ.

ಮಗಳ ಸೊಟ್ಟ ಹಲ್ಲಿಗೆಂದು ನೀವು ಕೊಟ್ಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಅಚ್ಚನ್ನು, ಅದೇ ಅಲೈನರನ್ನು, ನನ್ನ ತಾಯಿ ಕುದಿಯುವ ನೀರಿನಲ್ಲಿ ತೊಳೆದರು, ಅದು ಮುದುಡಿಹೋಗಿದೆ. ಬಿಸಿನೀರು ಕೂಡದೆಂದು ನೀವು ಹೇಳಿದ್ದನ್ನು ನಾನು ಅವರಿಗೆ ತಿಳಿಸಿರಲಿಲ್ಲ. ತಪ್ಪು ತಮ್ಮದೇ, ಮೊಮ್ಮಗಳಿಗಿಲ್ಲದ್ದು ತಮಗೂ ಬೇಡ ಎಂದು ಅಮ್ಮ ತಮ್ಮ ಹಲ್ಲಿನ ಸೆಟ್ಟನ್ನೂ ತೆಗೆದಿಟ್ಟರು.

ಮಗಳು ಆ ಮುದುಡಿದ್ದನ್ನು ಎತ್ತಿಕೊಂಡು, "ಅಜ್ಜಿ, ಇದಿನ್ನು ನಿನ್ನ ಬಾಯಿಗೇ ಸರಿ, ಹಾಕ್ಕೊ," ಎಂದು ನಕ್ಕಳು. ಅಮ್ಮನ ಬೊಚ್ಚುಬಾಯಿಯೂ ನಕ್ಕಿತು. ಎರಡು ವರ್ಷದಿಂದ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದ ಮಗಳು ಆಗ ಕೈ ಎತ್ತಲಿಲ್ಲ. ಗಮನಿಸಿದೆನೆಂದು ನಾನು ತೋರಗೊಡಲಿಲ್ಲ.

ಗುರುವಾರ ಮೂವರೂ ಬರುತ್ತೇವೆ. ಹೊಸದಕ್ಕೆ ಅಳತೆ ತೆಗೆದುಕೊಳ್ಳಿ. ತಂತಿಯೇ ಹಾಕಬೇಕೆಂದರೂ ಅವಳು ಒಪ್ಪಿದ್ದಾಳೆ. ಬೈಗುಳ ನನಗಿರಲಿ. ಅಳತೆಗೆ ಮುಂಚೆ ಅವಳನ್ನು ಒಮ್ಮೆ ನಗಿಸಿ ನೋಡಿ.

ಇಂತಿ,
ಹುಡುಗಿಯ ಮರೆಗುಳಿ ಅಪ್ಪ