ನಿಮ್ಮ ಈಟಿ ಈಗ ಹದಿಮೂರು ಅಡಿ

ರೀ,

ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಡೈರಿಯಲ್ಲಿ ಮೂರು ಸಲ ಬರೆದು ಹೊಡೆದು ಹಾಕಿದೆ. ನಿಮಗೇ ಹೇಳಿಬಿಡೋಣ ಅಂತ ಕೂತಿದ್ದೇನೆ. ಕೋಪ ಬಂದರೆ ಬರಲಿ, ಈಗ ನೀವು ಊಟ ಬಿಟ್ಟು ಕೂರೋಕಂತೂ ಆಗಲ್ಲ.

ಆ ಹದಿನಾರು ಅಡಿ ಈಟಿಯನ್ನು ಐರ್ಲೆಂಡಿನ ಲಿಮೆರಿಕ್‌ನ ಈ ಪುಟ್ಟ ಮನೆಗೆ ಹೊತ್ತು ತಂದ ದಿನ ನೆನಪಿದೆಯಾ? “ಇದನ್ನ ಎಲ್ಲಿಡ್ತೀರಿ?” ಅಂದೆ. “ಟಾಮ್ ನನಗೆ ಮೂರನೇ ಸಾಲು ಕೊಟ್ಟಿದಾನೆ ಕಣೇ!” ಅಂದಿರಿ. ಕೇಳಿದ್ದಕ್ಕೆ ಉತ್ತರ ಅದಾ? ಬಸ್ ಓಡಿಸಿ ರಿಟೈರ್ ಆದ ಟಾಮ್ ಭಾನುವಾರ ಮಾತ್ರ ಕ್ಯಾಪ್ಟನ್. ನಾನೂರು ವರ್ಷದ ಹಿಂದೆ ಇಂಗ್ಲಿಷ್ ರಾಣಿಯ ಮೇಲೆ ದಂಗೆ ಎದ್ದ ಐರಿಷ್ ಸೈನಿಕರ ವೇಷ ಹಾಕಿ, ಮೈದಾನದಲ್ಲಿ ಕವಾಯತು ಮಾಡುವ ಹನ್ನೆರಡು ಜನ. ಅವರ ಮಧ್ಯೆ, ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಮದ್ದೂರಿನವರು ನೀವು.

ಲಾಕ್‌ಡೌನಲ್ಲಿ ಮೈದಾನ ಮುಚ್ಚಿದಾಗ ಅಡುಗೆಮನೆಯಲ್ಲೇ ಕವಾಯತು ಶುರುವಾಯಿತಲ್ಲ. ಈಟಿಯ ಬುಡ ಬಲಗಾಲಿಗೆ ಒತ್ತಿಕೊಂಡು, ಮೊನೆ ಮುಂದಕ್ಕೆ ಚಾಚಿ, “ನೀನು ಇಂಗ್ಲಿಷ್ ಕುದುರೆ ಸವಾರ, ನುಗ್ಗಿ ಬಾ” ಅಂದಿರಿ. ಕೈಯಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡು ನಾನು ಹೇಗೆ ನುಗ್ಗಲಿ? ಆಮೇಲೆ “ಈಟಿ ಮೇಲಕ್ಕೆ!” ಅಂತ ನಿಮಗೆ ನೀವೇ ಕೂಗಿಕೊಂಡು ಬಲ್ಬು ಒಡೆದಿರಿ.

ಆಂಬುಲೆನ್ಸ್ ಬಂದಾಗ ಈಟಿ ಎಂದಿನಂತೆ ಅಡುಗೆಮನೆಯಿಂದ ಮೆಟ್ಟಿಲ ಮೇಲಕ್ಕೆ ಓರೆಯಾಗಿ ಮಲಗಿತ್ತು. ಸ್ಟ್ರೆಚರ್ ತಿರುಗಲಿಲ್ಲ. ಅವರು ಈಟಿಯನ್ನು ಹಿತ್ತಲಿಗೆ ತಳ್ಳಿದರು. ಉಸಿರಾಡೋಕೆ ಆಗದಿದ್ದರೂ ಮಾಸ್ಕ್ ಸರಿಸಿ ನೀವು ಹೇಳಿದ್ದು ಒಂದೇ ಮಾತು: “ಮಳೇಲಿ ಬಿಡಬೇಡ, ಸೊಟ್ಟಗಾಗುತ್ತೆ.” ನನಗೆ ಹೇಳೋಕೆ ಬೇರೇನೂ...

ಸಂಜೆ ಮಳೆ ಬಂತು. ನನಗೂ ಪಾಸಿಟಿವ್, ಯಾರನ್ನೂ ಕರೆಯೋ ಹಾಗಿಲ್ಲ. ಈಟಿಯನ್ನು ಎಳೆದೆ. ಮೊನೆ ಹೋಗಿ ಹಾಲ್‌ನ ಗೋಡೆಗೆ ಬಡಿಯಿತು, ಬುಡ ಮೂರಡಿ ಹೊರಗೇ ಉಳಿಯಿತು. ಮೊನೆಯನ್ನು ಮೆಟ್ಟಿಲ ಮೇಲೆತ್ತಲು ಇಬ್ಬರು ಬೇಕಿತ್ತು. ಬಾಗಿಲು ಮುಚ್ಚದೆ, ಜ್ವರದಲ್ಲಿ ನಡುಗುತ್ತಾ ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ನೀವು ಕಪಾಟು ಕೂರಿಸಲು ತಂದಿದ್ದ ಗರಗಸ ತಗೊಂಡೆ. ಕುಯ್ದುಬಿಟ್ಟೆ, ರೀ.

ನರ್ಸ್ ಫೋನ್ ಹಿಡಿದು ನಿಮ್ಮ ಮುಖ ತೋರಿಸಿದಾಗ ಕೇಳಿದಿರಿ, “ಈಟಿ ಹೇಗಿದೆ?” ಚೆನ್ನಾಗಿದೆ ಅನ್ನೋಕೆ ಇಲ್ಲಿಯವರ ಹಾಗೇ “ಗ್ರ್ಯಾಂಡ್” ಅಂದೆ. ನೀವು ನಕ್ಕಿರಿ. ಅದೇ ಕೊನೆಯ ಮಾತಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಸುಳ್ಳು ಹೇಳಿ ಕಳಿಸಿಬಿಟ್ಟೆನಲ್ಲ.

ಹೋದ ವಾರ ಟಾಮ್ ಬಂದ. ಗೇಟಿನಾಚೆಯೇ ಮಾಸ್ಕ್ ಹಾಕಿ ನಿಂತು, “ಮೈದಾನ ತೆರೆದಿದೆ ಸುಮಾ. ಅವನ ಈಟಿ ಒಂದ್ಸಲ ನೋಡಲಾ?” ಅಂದ. ಎಳೆದು ತಂದು ತೋರಿಸಿ, ಅಳುತ್ತಾ ಎಲ್ಲಾ ಹೇಳಿದೆ. ಅವನು ಕುಯ್ದ ತುದಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಗೇಟು ಹಿಡಿದುಕೊಂಡು ನಗೋಕೆ ಶುರು ಮಾಡಿದ.

“ಆಗಿನ ಸೈನಿಕರೂ ಹೀಗೇ ಮಾಡ್ತಿದ್ರು! ಹೊತ್ತು ಹೊತ್ತು ಸುಸ್ತಾಗಿ, ಕ್ಯಾಪ್ಟನ್ ಆ ಕಡೆ ತಿರುಗಿದಾಗ ಕುಯ್ದುಕೊಳ್ತಿದ್ರು. ಎಲ್ಲಾ ಆಗಿನ ಹಾಗೇ ಇರಬೇಕು ಅಂತ ನಾನು ಬಡ್ಕೊಂಡಿದ್ದೇ ಬಂತು. ನಮ್ಮಲ್ಲಿ ಅಸಲಿ ಈಟಿ ಇದೊಂದೇ. ಕುಯ್ದ ತುಂಡೆಲ್ಲಿ?”

ಮುದ್ದೆ ಕೋಲು ಮಾಡಿಕೊಂಡಿದ್ದೀನಿ ಅಂತ ಹೇಳಬೇಕಾಯಿತು. ಮತ್ತೆ ನಕ್ಕ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದ: “ಮುಂದಿನವನು ಬಿದ್ದರೆ ಹಿಂದಿನವನು ಹೆಜ್ಜೆ ಮುಂದಿಡಬೇಕು, ಅದೇ ಕವಾಯತು. ಮೂರನೇ ಸಾಲೇ ನಮ್ಮ ಕೊನೇ ಸಾಲು, ಅವನ ಹಿಂದೆ ಯಾರೂ ಇರಲಿಲ್ಲ.”

ನಿನ್ನೆ ಭಾನುವಾರ ನಾನು ಕವಾಯತಿಗೆ ಹೋಗಿದ್ದೆ. ಹದಿಮೂರು ಅಡಿ ನನ್ನ ಕೈಗೆ ಸರಿಹೋಗುತ್ತೆ. ಎಡಕ್ಕೆ ಅಂದಾಗ ಬಲಕ್ಕೆ ತಿರುಗಿ ಟಾಮ್‌ನ ಟೋಪಿ ಹಾರಿಸಿದೆ. ಮುಂದಿನ ವಾರ ಸರಿಯಾಗಿ ತಿರುಗ್ತೀನಿ. ಬರುವಾಗ ಮಳೆ ಹಿಡಿಯಿತು. ಈಟಿಯನ್ನು ಒಬ್ಬಳೇ ಒಳಗೆ ತಂದೆ, ಬಾಗಿಲು ಹಾಕಿದೆ.

ಸೊಟ್ಟಗಾಗಿಲ್ಲ, ರೀ.

ನಿಮ್ಮ
ಸುಮಾ